ಟಾರ್ಕೀ ಆಸ್ಪತ್ರೆಯ ಕಾಂಪೌಂಡರಮ್ಮ

ಮೊದಲ ಮಹಾಯುದ್ಧದಲ್ಲಿ ದುಡಿದ ಸ್ವಯಂಸೇವಕರ ವಿವರಗಳನ್ನು ಬ್ರಿಟಿಷ್ ರೆಡ್ ಕ್ರಾಸ್ ಸಂಸ್ಥೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡಿನಂತೆ ಬರೆದಿಟ್ಟಿದೆ. ಹೆಸರು, ಊರು, ಮಾಡಿದ ಕೆಲಸ, ದುಡಿದ ಗಂಟೆಗಳು, ಅಷ್ಟೇ. ಅವುಗಳಲ್ಲಿ ಒಂದು ಕಾರ್ಡು ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಟಾರ್ಕೀ ಎಂಬ ಕಡಲತೀರದ ಊರಿನ ಮಿಸೆಸ್ ಕ್ರಿಸ್ಟಿ ಎಂಬುವರದ್ದು. ಅವರ ಲೆಕ್ಕಕ್ಕೆ ಬಂದಿರುವುದು ಒಟ್ಟು 3,400 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಭಾಗಿಸಿದರೆ 425 ದಿನ. ಮೊದಲು ಸಂಬಳವಿಲ್ಲದ ದಾದಿ. ಆಮೇಲೆ ವರ್ಷಕ್ಕೆ 16 ಪೌಂಡ್ ಸಂಬಳದ ಕಾಂಪೌಂಡರ್.

ಈ ಮಿಸೆಸ್ ಕ್ರಿಸ್ಟಿ ಬೇರಾರೂ ಅಲ್ಲ, 66 ಪತ್ತೇದಾರಿ ಕಾದಂಬರಿಗಳನ್ನು ಬರೆದ ಅಗಾಥಾ ಕ್ರಿಸ್ಟಿ. ಪೊಯ್‌ರೋ, ಮಿಸ್ ಮಾರ್ಪಲ್ ಎಂಬ ಹೆಸರುಗಳನ್ನು ಕೇಳದವರು ಕಡಿಮೆ. ಆದರೆ ಬಾಟಲಿಗಳ ನಡುವೆ ನಿಂತು ಮುಲಾಮು ಅರೆಯುತ್ತಿದ್ದ ಕ್ರಿಸ್ಟಿಯವರನ್ನು ಬಲ್ಲವರು ಅಷ್ಟಿಲ್ಲ. ನಾನು ಹೈದರಾಬಾದಿನಲ್ಲಿ ಔಷಧ ತಯಾರಿಕೆಯ ಗುಣಮಟ್ಟ ವಿಭಾಗದಲ್ಲಿ ಹೊಟ್ಟೆಪಾಡು ನೋಡಿಕೊಂಡಿರುವವನು. ಹಾಗಾಗಿ ನನಗೆ ಕಾದಂಬರಿಕಾರ್ತಿಗಿಂತ ಈ ಕಾಂಪೌಂಡರಮ್ಮನೇ ಹೆಚ್ಚು ಹತ್ತಿರದವರೆನಿಸುತ್ತಾರೆ. ಈ ವಾರ ಅವರ ಕಥೆಯನ್ನೇ ಹೇಳುತ್ತೇನೆ.

ಶಾಲೆ ಕಾಣದ ಹುಡುಗಿ

ಅಗಾಥಾ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಟಾರ್ಕೀಯ ಆಶ್‌ಫೀಲ್ಡ್ ಎಂಬ ದೊಡ್ಡ ಮನೆಯಲ್ಲಿ. ತಂದೆ ಫ್ರೆಡರಿಕ್ ಮಿಲ್ಲರ್ ಅಮೆರಿಕದವರು, ಹಿರಿಯರ ಆಸ್ತಿಯ ಮೇಲೆ ಬದುಕಿದವರು. ತಾಯಿ ಕ್ಲಾರಾ. ಮೇಲೊಬ್ಬಳು ಅಕ್ಕ, ಒಬ್ಬ ಅಣ್ಣ. ಎಂಟು ವರ್ಷವಾಗುವ ತನಕ ಮಗುವಿಗೆ ಓದು ಕಲಿಸಬಾರದು ಎಂಬುದು ತಾಯಿಯ ಆಗಿನ ನಂಬಿಕೆ. ಮಗಳು ಐದಕ್ಕೇ ತಾನಾಗಿ ಓದಲು ಕಲಿತುಬಿಟ್ಟಳು. ನಿಯಮಿತ ಶಾಲೆ ಅವಳ ಪಾಲಿಗೆ ಹೆಚ್ಚುಕಡಿಮೆ ಇರಲೇ ಇಲ್ಲ. ಮನೆಯಲ್ಲೇ ಪಾಠ, ತಂದೆಯಿಂದ ಕಲಿತ ಲೆಕ್ಕ, ಕಪಾಟಿನ ತುಂಬ ಪುಸ್ತಕ.

ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಆ ಹೊತ್ತಿಗೆ ಆಸ್ತಿಯೂ ಕರಗಿತ್ತು. ದೊಡ್ಡ ಮನೆ, ಸಣ್ಣ ಆದಾಯ. ಪ್ಯಾರಿಸ್ಸಿನಲ್ಲಿ ಕೆಲಕಾಲ ಪಿಯಾನೋ, ಹಾಡುಗಾರಿಕೆ ಕಲಿತದ್ದಾಯಿತು. ಆದರೆ ಜನರೆದುರು ನಿಂತರೆ ಕೈಕಾಲು ನಡುಗುವಷ್ಟು ಸಂಕೋಚದ ಹುಡುಗಿ, ಸಂಗೀತವನ್ನು ವೃತ್ತಿ ಮಾಡಿಕೊಳ್ಳಲು ಆಗಲಿಲ್ಲ. ಲಂಡನ್ನಿನಲ್ಲಿ ದುಬಾರಿ ಸಂತೋಷಕೂಟಗಳಿಗೆ ಹಣವಿಲ್ಲದ್ದರಿಂದ ತಾಯಿ ಅವಳನ್ನು ಖರ್ಚು ಕಡಿಮೆಯ ಕೈರೋಗೆ ಕರೆದೊಯ್ದರು. ಆ ಕಾಲದ ಆ ವರ್ಗದ ಹೆಣ್ಣುಮಕ್ಕಳಿಗೆ ಮದುವೆಯೇ ಗುರಿ. ಉದ್ಯೋಗದ ಮಾತೇ ಮನೆಯಲ್ಲಿ ಬರುತ್ತಿರಲಿಲ್ಲ.

1912ರ ಅಕ್ಟೋಬರ್‌ನಲ್ಲಿ ಊರಿನ ಹತ್ತಿರದ ಬಂಗಲೆಯೊಂದರ ನೃತ್ಯಕೂಟದಲ್ಲಿ ಆರ್ಚಿ ಕ್ರಿಸ್ಟಿ ಎಂಬ ಯುವ ಸೈನ್ಯಾಧಿಕಾರಿಯ ಪರಿಚಯವಾಯಿತು. ಆರ್ಚಿ ಹುಟ್ಟಿದ್ದು ನಮ್ಮ ಅವಿಭಜಿತ ಭಾರತದಲ್ಲಿ, ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿಯ ಮಗನಾಗಿ. ಇಬ್ಬರ ಬಳಿಯೂ ಹಣವಿಲ್ಲ, ಮದುವೆ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ 1914ರ ಆಗಸ್ಟ್ ಬಂತು. ಯುದ್ಧ ಶುರುವಾಯಿತು. ಆಗ ತಾನೇ ಹುಟ್ಟಿದ್ದ ವಾಯುದಳಕ್ಕೆ ಸೇರಿದ್ದ ಆರ್ಚಿ ಫ್ರಾನ್ಸಿಗೆ ಹೊರಟುಹೋದರು.

ಟೌನ್ ಹಾಲ್ ಆಸ್ಪತ್ರೆಯಾದಾಗ

ಯುದ್ಧ ಬಂದರೆ ಮಿಲಿಟರಿ ಆಸ್ಪತ್ರೆಗಳು ಸಾಲವು ಎಂದು ಬ್ರಿಟನ್ನಿಗೆ ಮೊದಲೇ ಅಂದಾಜಿತ್ತು. 1909ರಲ್ಲೇ ವಾಲಂಟರಿ ಏಡ್ ಡಿಟ್ಯಾಚ್‌ಮೆಂಟ್ ಎಂಬ ಸ್ವಯಂಸೇವಕ ತುಕಡಿಗಳ ಯೋಜನೆ ಶುರುವಾಗಿತ್ತು. ವಿ.ಎ.ಡಿ. ಎಂಬುದು ಅದರ ಚುಟುಕು ಹೆಸರು. ಊರೂರಿನಲ್ಲೂ ಹೆಂಗಸರು ಗಾಯಕ್ಕೆ ಬ್ಯಾಂಡೇಜ್ ಕಟ್ಟುವುದು, ರೋಗಿಯ ಹಾಸಿಗೆ ಸರಿಮಾಡುವುದು ಇವನ್ನೆಲ್ಲ ಸಂಜೆ ತರಗತಿಗಳಲ್ಲಿ ಕಲಿತರು. ಟಾರ್ಕೀಯ ತರಗತಿಗಳಿಗೆ ಅಗಾಥಾ ಕೂಡ ಯುದ್ಧಕ್ಕೆ ಮೊದಲೇ ಹೋಗಿದ್ದರು. ಯುದ್ಧ ಬಂದ ಮೇಲೆ ಶ್ರೀಮಂತರ ಬಂಗಲೆ, ಶಾಲೆ, ಚರ್ಚಿನ ಸಭಾಂಗಣ, ಪುರಭವನ ಎಲ್ಲವೂ ಸಹಾಯಕ ಆಸ್ಪತ್ರೆಗಳಾದವು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಇಂಥ 3,000ಕ್ಕೂ ಹೆಚ್ಚು ಆಸ್ಪತ್ರೆಗಳು ನಡೆದಿದ್ದವು.

ಟಾರ್ಕೀಯಲ್ಲಿ ಆ ಪಾಲು ಟೌನ್ ಹಾಲಿನದಾಯಿತು. ನಮ್ಮೂರಿನ ಪುರಭವನದಲ್ಲಿ ಕುರ್ಚಿಗಳನ್ನೆಲ್ಲ ಎತ್ತಿ ಮಂಚ ಹಾಕಿ, ಪಕ್ಕದ ಕೋಣೆಯನ್ನು ಆಪರೇಷನ್ ಥಿಯೇಟರ್ ಮಾಡಿದಂತೆ ಊಹಿಸಿಕೊಳ್ಳಿ. 1914ರ ಅಕ್ಟೋಬರ್‌ನಲ್ಲಿ 24 ವರ್ಷದ ಅಗಾಥಾ ಅಲ್ಲಿ ಕೆಲಸಕ್ಕೆ ನಿಂತರು.

ಮೊದಲು ಸಿಕ್ಕಿದ್ದು ವಾರ್ಡಿನ ಆಳಿನ ಕೆಲಸ. ಕಸ ಗುಡಿಸುವುದು, ಹಿತ್ತಾಳೆ ಸಾಮಾನು ತಿಕ್ಕುವುದು. ಸೈನಿಕರ ಶುಶ್ರೂಷೆ ಮಾಡುವ ಗೌರವದ ಕೆಲಸಕ್ಕೆ ಊರಿನ ನಡುವಯಸ್ಸಿನ ಗಣ್ಯ ಹೆಂಗಸರು ಮೊದಲೇ ಸಾಲು ಹಚ್ಚಿದ್ದರು. ಆದರೆ ಶುಶ್ರೂಷೆ ಎಂದರೆ ಹಣೆ ನೇವರಿಸಿ ಸಾಂತ್ವನ ಹೇಳುವುದಷ್ಟೇ ಅಲ್ಲ, ಬೆಡ್‌ಪ್ಯಾನ್ ಎತ್ತುವುದು, ವಾಂತಿ ಬಳಿಯುವುದು, ಕೀವಿನ ಬ್ಯಾಂಡೇಜು ಬಿಚ್ಚುವುದು ಎಂದು ಗೊತ್ತಾದ ಮೇಲೆ ಹಲವರು ಹಿಂದೆ ಸರಿದರು. ಕೆಲವೇ ದಿನಗಳಲ್ಲಿ ಪೊರಕೆ ಹಿಡಿದಿದ್ದ ಹುಡುಗಿಯರು ದಾದಿಯರಾದರು.

ಮೊದಲ ಆಪರೇಷನ್ ನೋಡುವಾಗ ಅಗಾಥಾಗೆ ತಲೆ ಸುತ್ತು ಬಂತು. ಹಿರಿಯ ಸಿಸ್ಟರ್ ಒಬ್ಬರು ಹೊರಗೆ ಕರೆದುಕೊಂಡು ಹೋಗಿ ಧೈರ್ಯ ಹೇಳಿದರು. ಆಮೇಲೆ ಅಭ್ಯಾಸವಾಯಿತು. ಆಪರೇಷನ್ ಮುಗಿದ ಮೇಲೆ ನೆಲದ ರಕ್ತ ಒರೆಸಿ, ಕತ್ತರಿಸಿ ತೆಗೆದ ಕಾಲನ್ನು ಕುಲುಮೆಗೆ ಸಾಗಿಸಬೇಕಾದ ದಿನಗಳೂ ಬಂದವು. ಅಂಥ ಹೊತ್ತಿನಲ್ಲಿ ತನಗಿಂತ ಚಿಕ್ಕ ಹುಡುಗಿಯರ ಜೊತೆ ನಿಂತು ಆ ಕೆಲಸ ಮುಗಿಸಿಕೊಟ್ಟದ್ದನ್ನು ಮುಂದೆ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಬರೆಯಲು ಬಾರದ ಸೈನಿಕರಿಗೆ ಕಾಗದ ಬರೆದುಕೊಡುವ ಕೆಲಸವೂ ಇವರದೇ. ಕೆಲವು ಮಹಾನುಭಾವರು ಒಂದೇ ಸಂಜೆ ಮೂರು ಬೇರೆ ಬೇರೆ ಹುಡುಗಿಯರಿಗೆ ಮೂರು ಪ್ರೇಮಪತ್ರ ಬರೆಸಿಕೊಂಡದ್ದೂ ಉಂಟು.

ಆಸ್ಪತ್ರೆಯ ಶಿಸ್ತು ಕಠಿಣ. ಡಾಕ್ಟರು ಬಂದರೆ ದಾದಿಯರು ಕೈಯಲ್ಲಿ ಟವೆಲ್ ಹಿಡಿದು ಗೊಂಬೆಗಳಂತೆ ನಿಲ್ಲಬೇಕು. ಒಮ್ಮೆ ಡಾಕ್ಟರು ಉಪಕರಣ ಕೇಳಿದಾಗ ಅಗಾಥಾ ತಾವೇ ನೇರವಾಗಿ ಅವರ ಕೈಗೆ ಕೊಟ್ಟುಬಿಟ್ಟರು. ಅದು ಮೊದಲು ಸಿಸ್ಟರ್ ಕೈಗೆ ಹೋಗಿ, ಅಲ್ಲಿಂದ ಡಾಕ್ಟರ ಕೈ ಸೇರಬೇಕಿತ್ತಂತೆ. ಚೆನ್ನಾಗಿ ಬೈಸಿಕೊಂಡರು. ದೊಡ್ಡವರೆಂದರೆ ತಪ್ಪೇ ಮಾಡದವರು ಎಂಬ ಆ ವಾತಾವರಣವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಬರುತ್ತದೆ.

ಆ ವರ್ಷದ ಡಿಸೆಂಬರ್‌ನಲ್ಲಿ ಆರ್ಚಿಗೆ ರಜೆ ಸಿಕ್ಕಿತು. ಕ್ರಿಸ್‌ಮಸ್ ಹಿಂದಿನ ದಿನ ಬ್ರಿಸ್ಟಲ್ ನಗರದ ಚರ್ಚೊಂದರಲ್ಲಿ ತರಾತುರಿಯಲ್ಲಿ ಮದುವೆ. ಒಂದು ರಾತ್ರಿ ಟಾರ್ಕೀಯ ಹೋಟೆಲಿನಲ್ಲಿ. ಆಮೇಲೆ ಗಂಡ ಯುದ್ಧಭೂಮಿಗೆ, ಹೆಂಡತಿ ಟೌನ್ ಹಾಲಿಗೆ. ದಾದಿ ಕೆಲಸ ಅಗಾಥಾಗೆ ಎಷ್ಟು ಹಿಡಿಸಿತೆಂದರೆ, ಮದುವೆಯಾಗದೇ ಇದ್ದಿದ್ದರೆ ಯುದ್ಧದ ನಂತರವೂ ಅದನ್ನೇ ವೃತ್ತಿ ಮಾಡಿಕೊಳ್ಳುತ್ತಿದ್ದೆ ಎಂಬರ್ಥದ ಮಾತನ್ನು ಮುಂದೆ ಅವರು ಬರೆದರು.

ಬಾಟಲಿಗಳ ನಡುವೆ

1915ರಲ್ಲಿ ಜ್ವರ, ಶ್ವಾಸಕೋಶದ ತೊಂದರೆಯಿಂದ ಹಾಸಿಗೆ ಹಿಡಿದ ಅಗಾಥಾ ಕೆಲಕಾಲ ಆಸ್ಪತ್ರೆಯಿಂದ ದೂರ ಉಳಿಯಬೇಕಾಯಿತು. 1916ರಲ್ಲಿ ಮರಳಿ ಬಂದಾಗ ಅಲ್ಲಿ ಹೊಸದಾಗಿ ಔಷಧ ವಿಭಾಗ ತೆರೆದಿತ್ತು. ಗೆಳತಿಯೊಬ್ಬಳು ಅಲ್ಲಿದ್ದಳು. ಕೆಲಸದ ಹೊತ್ತು ಅನುಕೂಲವಾಗಿತ್ತು. ಅಗಾಥಾ ವಾರ್ಡು ಬಿಟ್ಟು ಅಲ್ಲಿಗೆ ಸೇರಿಕೊಂಡರು.

ಇಂದಿನ ಮೆಡಿಕಲ್ ಶಾಪಿನ ಚಿತ್ರವನ್ನು ಮರೆತುಬಿಡಿ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಸರ್ಕಾರಿ ಡಿಸ್ಪೆನ್ಸರಿಯ ಕಿಟಕಿಯಲ್ಲಿ ಕಾಂಪೌಂಡರ್ ಕೊಡುತ್ತಿದ್ದ ಬಣ್ಣದ ಮಿಕ್ಸ್‌ಚರ್ ಬಾಟಲಿಯನ್ನು ನೆನೆಸಿಕೊಳ್ಳಿ. ಅಂಥ ಔಷಧಗಳನ್ನು ಕೈಯಾರೆ ತಯಾರಿಸಬೇಕಿತ್ತು. ಪುಡಿಯನ್ನು ಕಲ್ಲಿನಲ್ಲಿ ಅರೆದು, ತಕ್ಕಡಿಯಲ್ಲಿ ತೂಗಿ, ಮಾತ್ರೆ ಉರುಳಿಸಿ, ಮುಲಾಮು ಕಲಸಿ ಡಬ್ಬಿಗೆ ತುಂಬಬೇಕು. ತೂಕದಲ್ಲೂ ಎರಡು ಪದ್ಧತಿ. ಒಂದು ಕಡೆ ಇಂಗ್ಲಿಷರ ಹಳೆಯ ಗ್ರೇನ್, ಡ್ರ್ಯಾಮ್, ಔನ್ಸುಗಳು. ಇನ್ನೊಂದು ಕಡೆ ಹೊಸದಾಗಿ ಬರುತ್ತಿದ್ದ ಗ್ರಾಂ, ಮಿಲಿಗ್ರಾಂಗಳು. ಸ್ಟ್ರಿಕ್ನಿನ್, ಆರ್ಸೆನಿಕ್, ಬೆಲ್ಲಡೋನ್ನಾ, ಮಾರ್ಫಿನ್‌ಗಳೆಲ್ಲ ಆಗ ಔಷಧದ ಕಪಾಟಿನಲ್ಲಿ ದಿನನಿತ್ಯ ಕೈಗೆ ಸಿಗುವ ವಸ್ತುಗಳು. ಸಣ್ಣ ಪ್ರಮಾಣದಲ್ಲಿ ಸ್ಟ್ರಿಕ್ನಿನ್ ಟಾನಿಕ್. ಪ್ರಮಾಣ ಮೀರಿದರೆ ಸಾವು.

ಔಷಧ ಕೊಡುವ ಅಧಿಕಾರ ಬೇಕಾದರೆ ಲಂಡನ್ನಿನ ಅಪಾಥಿಕರಿ ಸಂಘದ ಪರೀಕ್ಷೆ ಪಾಸು ಮಾಡಬೇಕು. ಶಾಲೆಯ ಮೆಟ್ಟಿಲು ಹತ್ತದೆ ಬೆಳೆದವರು 26ನೇ ವಯಸ್ಸಿನಲ್ಲಿ ರಸಾಯನಶಾಸ್ತ್ರ ಓದಲು ಕುಳಿತರು. ಆರ್ಸೆನಿಕ್ ಪತ್ತೆಹಚ್ಚುವ ಮಾರ್ಷ್ ಪರೀಕ್ಷೆಯನ್ನು ಗೆಳತಿಯ ಜೊತೆ ಅಭ್ಯಾಸ ಮಾಡುವಾಗ ಕಾಫಿ ಮಾಡುವ ಗಾಜಿನ ಯಂತ್ರವೇ ಸಿಡಿದುಹೋಯಿತು. 1917ರಲ್ಲಿ ಪರೀಕ್ಷೆ ಪಾಸಾಯಿತು. ವರ್ಷಕ್ಕೆ 16 ಪೌಂಡ್ ಸಂಬಳ ಶುರುವಾಗಿದ್ದು ಹೀಗೆ.

ಪರೀಕ್ಷೆಗೆ ತಯಾರಾಗುವಾಗ ಊರಿನ ಔಷಧ ಅಂಗಡಿಯೊಂದರಲ್ಲಿ ತರಬೇತಿಗೂ ಹೋಗುತ್ತಿದ್ದರು. ಅದರ ಯಜಮಾನರು ಊರಿನಲ್ಲಿ ಹೆಸರುವಾಸಿ. ಒಂದು ದಿನ ಅವರು ಗುದದ್ವಾರದಲ್ಲಿ ಇಡುವ ಸಪೊಸಿಟರಿಗಳನ್ನು ತಯಾರಿಸಿ ತೋರಿಸಿದರು. ಲೆಕ್ಕವನ್ನು ಗಮನಿಸುತ್ತಿದ್ದ ಅಗಾಥಾಗೆ ಎದೆ ಧಸಕ್ಕೆಂದಿತು. ದಶಮಾಂಶದ ಬಿಂದು ಒಂದು ಸ್ಥಾನ ಆಚೀಚೆಯಾಗಿತ್ತು. ಅಂದರೆ ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಔಷಧ ಬಿದ್ದಿತ್ತು. ಯಜಮಾನರು ತಣ್ಣಗೆ ಮುಂದಿನ ಕೆಲಸಕ್ಕೆ ಹೊರಟಿದ್ದರು. ಅಂಥ ಅನುಭವಿಗೆ, ಕಲಿಯಲು ಬಂದ ಹುಡುಗಿ ನಿಮ್ಮ ಲೆಕ್ಕ ತಪ್ಪು ಎನ್ನುವುದುಂಟೇ? ಹೇಳಿದರೂ ಅವರು ಒಪ್ಪುವ ಗಿರಾಕಿಯಲ್ಲ ಎಂದು ಅಗಾಥಾಗೆ ಅನ್ನಿಸಿತ್ತು. ಸುಮ್ಮನಿದ್ದರೆ ಅವು ಯಾವುದೋ ರೋಗಿಯ ಮನೆ ಸೇರುತ್ತವೆ.

ಅವರು ಮಾಡಿದ್ದಿಷ್ಟು. ಎಡವಿದಂತೆ ನಟಿಸಿ ಹಲಗೆಯನ್ನು ಉರುಳಿಸಿದರು. ಸಾಲದೆಂದು ಕೆಳಗೆ ಬಿದ್ದ ಸಪೊಸಿಟರಿಗಳನ್ನು ಗಟ್ಟಿಯಾಗಿ ತುಳಿದರು. ಆಮೇಲೆ ಕ್ಷಮೆ ಕೇಳಿದರು. ಯಜಮಾನರಿಗೆ ಬೇಸರ. ಇದೊಂದು ಚೆನ್ನಾಗೇ ಇದೆಯಲ್ಲ ಎಂದು ಕೆಳಗಿನಿಂದ ಒಂದನ್ನು ಎತ್ತಿಕೊಂಡರಂತೆ. ಕೊಳೆಯಾಗಿದೆ ಎಂದು ಹೇಳಿ ಅಗಾಥಾ ಎಲ್ಲವನ್ನೂ ಕಸದ ಡಬ್ಬಿಗೆ ಸುರಿದರು. ಬೇರೆ ಹೊಸದನ್ನು ಸರಿಯಾದ ಅಳತೆಯಲ್ಲಿ ಮಾಡಿದರು.

ಈ ಪ್ರಸಂಗವನ್ನು ನಾನು ನಮ್ಮ ವಿಭಾಗಕ್ಕೆ ಬರುವ ಹೊಸ ಹುಡುಗ ಹುಡುಗಿಯರಿಗೆ ಹೇಳುವುದುಂಟು. ಔಷಧದ ಕೆಲಸದಲ್ಲಿ ದೊಡ್ಡ ಅಪಾಯ ಅಜ್ಞಾನದಿಂದ ಬರುವುದಕ್ಕಿಂತ ಹೆಚ್ಚಾಗಿ ಇಪ್ಪತ್ತು ವರ್ಷದ ಅನುಭವದ ನಿಶ್ಚಿಂತೆಯಿಂದ ಬರುತ್ತದೆ. ಈಗ ಒಬ್ಬರು ತೂಗಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕೆಂಬ ನಿಯಮವಿದೆ. ಆಗ ಅಂಥ ಸಹಿಯ ಜಾಗದಲ್ಲಿ ಇದ್ದದ್ದು ಒಬ್ಬ ಸ್ವಯಂಸೇವಕಿಯ ಕಾಲು ಮಾತ್ರ.

ಅನುಮಾನವನ್ನು ಅಗಾಥಾ ಬೇರೆಯವರ ಮೇಲಷ್ಟೇ ಪ್ರಯೋಗಿಸಲಿಲ್ಲ. ಒಂದು ರಾತ್ರಿ ಮೂರು ಗಂಟೆಯ ಹೊತ್ತಿಗೆ ಅವರಿಗೆ ಎಚ್ಚರವಾಯಿತು. ಹಗಲು ಕಲಸಿಟ್ಟ ಮುಲಾಮಿನ ಡಬ್ಬಿಗೆ ಹಾಕಿದ ಮುಚ್ಚಳ, ಕಾರ್ಬಾಲಿಕ್ ಆಸಿಡ್ ತಾಗಿದ್ದ ಮುಚ್ಚಳವೇ ಇರಬಹುದೇ ಎಂಬ ಶಂಕೆ ಹುಟ್ಟಿತು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎದ್ದು ಬಟ್ಟೆ ಹಾಕಿಕೊಂಡು, ಕತ್ತಲಲ್ಲಿ ಆಸ್ಪತ್ರೆಗೆ ನಡೆದು, ಡಬ್ಬಿ ತೆರೆದು ಮೂಸಿ ನೋಡಿದರು. ವಾಸನೆ ಇತ್ತೋ, ಅದು ತನ್ನ ಭ್ರಮೆಯೋ ಕೊನೆಗೂ ತಿಳಿಯಲಿಲ್ಲ. ಆದರೂ ಮೇಲಿನ ಪದರವನ್ನು ತೆಗೆದುಹಾಕಿ, ಆಮೇಲೆ ಮನೆಗೆ ಹೋಗಿ ಮಲಗಿದರು. 16 ಪೌಂಡಿನ ಸಂಬಳಕ್ಕಾಗಿ ಯಾರೂ ರಾತ್ರಿ ಮೂರಕ್ಕೆ ಎದ್ದು ಹೋಗುವುದಿಲ್ಲ.

ವಿಷದ ಕಪಾಟು, ಮೊದಲ ಕಾದಂಬರಿ

ಔಷಧ ವಿಭಾಗದ ಕೆಲಸ ಒಂದೇ ಸಮನೆ ಇರುತ್ತಿರಲಿಲ್ಲ. ಬೆಳಿಗ್ಗೆ ಉಸಿರಾಡಲು ಬಿಡುವಿಲ್ಲ. ಮಧ್ಯಾಹ್ನ ಒಬ್ಬರೇ ಸುಮ್ಮನೆ ಕೂರಬೇಕು, ಆದರೆ ಜಾಗ ಬಿಟ್ಟು ಹೋಗುವಂತಿಲ್ಲ. ಪತ್ತೇದಾರಿ ಕಥೆ ಬರೆಯುವುದು ನಿನ್ನಿಂದಾಗದು ಎಂದು ಹಿಂದೊಮ್ಮೆ ಅಕ್ಕ ಮ್ಯಾಡ್ಜ್ ಸವಾಲು ಹಾಕಿದ್ದರು. ಸುತ್ತಲೂ ವಿಷದ ಬಾಟಲಿಗಳು. ಕೊಲೆಗೆ ವಿಷವೇ ಸರಿ ಎಂದುಕೊಂಡರು. ಬಂದೂಕಿನ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ, ವಿಷದ ಬಗ್ಗೆ ಚೆನ್ನಾಗಿ ತಿಳಿದಿತ್ತು.

ಪತ್ತೇದಾರನೊಬ್ಬ ಬೇಕಲ್ಲ. ಜರ್ಮನ್ ಸೈನ್ಯ ನುಗ್ಗಿದ ಮೇಲೆ ಬೆಲ್ಜಿಯಂ ದೇಶದ ನಿರಾಶ್ರಿತರು ಇಂಗ್ಲೆಂಡಿಗೆ ಬಂದಿದ್ದರು, ಟಾರ್ಕೀಯಲ್ಲೂ ಅವರ ಒಂದು ಗುಂಪು ನೆಲೆಸಿತ್ತು. ಅವರಲ್ಲಿ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಇದ್ದರೆ ಹೇಗೆ ಎಂಬ ಯೋಚನೆಯಿಂದ ಹರ್ಕ್ಯುಲ್ ಪೊಯ್‌ರೋ ಹುಟ್ಟಿದ. ತನ್ನೂರು ಬಿಟ್ಟು ಬಂದು, ಪರಭಾಷೆಯನ್ನು ತನ್ನದೇ ಧಾಟಿಯಲ್ಲಿ ಆಡುತ್ತ, ಸ್ಥಳೀಯರ ನಗೆಗೆ ಗುರಿಯಾಗುತ್ತಲೇ ಅವರ ಸಮಸ್ಯೆ ಬಿಡಿಸುವ ಈ ವಲಸಿಗನನ್ನು ಹೊರನಾಡಿನಲ್ಲಿರುವ ನಮ್ಮಂಥವರು ಬೇಗ ಗುರುತಿಸುತ್ತೇವೆ.

ಆಸ್ಪತ್ರೆಯಿಂದ ಎರಡು ವಾರ ರಜೆ ಪಡೆದು ಡಾರ್ಟ್‌ಮೂರ್ ಬಯಲಿನ ಹೋಟೆಲೊಂದರಲ್ಲಿ ಕುಳಿತು ಕಾದಂಬರಿಯನ್ನು ಮುಗಿಸಿದರು. ಅದೇ 'ದಿ ಮಿಸ್ಟೀರಿಯಸ್ ಅಫೇರ್ ಆಟ್ ಸ್ಟೈಲ್ಸ್'. ಅದರಲ್ಲಿ ರೆಡ್ ಕ್ರಾಸ್ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳಿದ್ದಾಳೆ. ಗಾಯಗೊಂಡು ಯುದ್ಧಭೂಮಿಯಿಂದ ಮರಳಿದ ಸೈನ್ಯಾಧಿಕಾರಿಯೇ ಕಥೆ ಹೇಳುವವನು. ಕೊಂದವರು ಯಾರೆಂದು ನಾನು ಹೇಳುವುದಿಲ್ಲ, ಓದದವರು ಓದಿಕೊಳ್ಳಲಿ. ಆದರೆ ಕೊಲ್ಲುವ ವಿಧಾನ ಶುದ್ಧ ಕಾಂಪೌಂಡರ್ ವಿದ್ಯೆ. ಬಾಟಲಿಯೊಳಗೆ ಒಂದು ದ್ರವ್ಯಕ್ಕೆ ಇನ್ನೊಂದು ಕೂಡಿದರೆ ತಳದಲ್ಲಿ ಏನು ಕೂರುತ್ತದೆ, ಬಳಸುವ ಮುನ್ನ ಚೆನ್ನಾಗಿ ಕುಲುಕಿ ಎಂದು ಲೇಬಲ್ಲಿನ ಮೇಲೆ ಏಕೆ ಬರೆಯುತ್ತಾರೆ ಎಂಬುದು ಗೊತ್ತಿದ್ದವರಿಗೆ ಮಾತ್ರ ಹೊಳೆಯುವಂಥದ್ದು.

ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು. ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್ ಸುಮಾರು ಎರಡು ವರ್ಷ ಇಟ್ಟುಕೊಂಡು ಆಮೇಲೆ ಒಪ್ಪಿದರು. ಪುಸ್ತಕ ಹೊರಬಂದದ್ದು 1920ರಲ್ಲಿ, ಯುದ್ಧ ಮುಗಿದು ಟೌನ್ ಹಾಲಿನ ಮಂಚಗಳು ಹೋದ ಮೇಲೆ. ಲೇಖಕಿಯ ಕೈಗೆ ಬಂದದ್ದು 25 ಪೌಂಡ್. ಆದರೆ ಒಂದು ವಿಮರ್ಶೆ ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು. ಬರೆದದ್ದು ಸಾಹಿತ್ಯ ಪತ್ರಿಕೆಯಲ್ಲ, ಔಷಧಶಾಸ್ತ್ರದ ಪತ್ರಿಕೆ. ವಿಷದ ವಿವರಗಳೆಲ್ಲ ಸರಿಯಾಗಿವೆ ಎಂದು ಅದು ಮೆಚ್ಚಿತ್ತು.

ಕಷ್ಟದ ವರ್ಷಗಳು, ಮತ್ತೆ ಅದೇ ಕೋಣೆ

1919ರಲ್ಲಿ ಮಗಳು ರೋಸಲಿಂಡ್ ಹುಟ್ಟಿದಳು. ಪುಸ್ತಕಗಳು ಒಂದರ ಹಿಂದೊಂದು ಬಂದವು. 1926 ಮಾತ್ರ ಕೆಟ್ಟ ವರ್ಷ. ತಾಯಿ ತೀರಿಕೊಂಡರು. ಆರ್ಚಿ ಇನ್ನೊಬ್ಬಾಕೆಯನ್ನು ಪ್ರೀತಿಸಿ ವಿಚ್ಛೇದನ ಕೇಳಿದರು. ಡಿಸೆಂಬರ್ 3ರ ರಾತ್ರಿ ಅಗಾಥಾ ಮನೆಯಿಂದ ಕಾರಿನಲ್ಲಿ ಹೊರಟು ನಾಪತ್ತೆಯಾದರು. ದೇಶವೆಲ್ಲ ಹುಡುಕಿತು. ಹನ್ನೊಂದು ದಿನಗಳ ಬಳಿಕ ಹ್ಯಾರೋಗೇಟ್ ಊರಿನ ಹೋಟೆಲಿನಲ್ಲಿ ಬೇರೆ ಹೆಸರಿನಲ್ಲಿ ತಂಗಿದ್ದವರನ್ನು ಗುರುತಿಸಲಾಯಿತು. ವೈದ್ಯರು ಅದನ್ನು ನೆನಪಿನ ನಷ್ಟ ಎಂದರು. ಆ ದಿನಗಳ ಬಗ್ಗೆ ಆತ್ಮಕಥೆಯಲ್ಲಿ ಅವರು ಮೌನ ವಹಿಸಿದ್ದಾರೆ. 1928ರಲ್ಲಿ ವಿಚ್ಛೇದನವಾಯಿತು.

ಅದೇ ವರ್ಷ ಒಬ್ಬರೇ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿ ಬಾಗ್ದಾದಿಗೆ ಹೋದರು. 1930ರಲ್ಲಿ ತಮಗಿಂತ ಹದಿನಾಲ್ಕು ವರ್ಷ ಚಿಕ್ಕವರಾದ ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ ಅವರನ್ನು ಮದುವೆಯಾದರು. ಇರಾಕ್, ಸಿರಿಯಾಗಳ ಉತ್ಖನನ ಶಿಬಿರಗಳಲ್ಲಿ ಗಂಡನ ಜೊತೆ ದುಡಿದರು. ನಿಮ್ರೂದಿನಲ್ಲಿ ಸಿಕ್ಕ ಸಾವಿರಾರು ವರ್ಷ ಹಳೆಯ ದಂತದ ಕೆತ್ತನೆಗಳ ಸಂದಿಯ ಮಣ್ಣನ್ನು ತಮ್ಮ ಮುಖಕ್ಕೆ ಹಚ್ಚುವ ಕ್ರೀಮಿನಿಂದ ಮೆದುಮಾಡಿ ತೆಗೆದರು. ಯಾವುದಕ್ಕೆ ಯಾವ ದ್ರವ್ಯ ಒಗ್ಗುತ್ತದೆ ಎಂಬ ಕಾಂಪೌಂಡರ್ ಬುದ್ಧಿ ಅಲ್ಲೂ ಕೈಬಿಟ್ಟಿರಲಿಲ್ಲ.

ಎರಡನೆಯ ಮಹಾಯುದ್ಧ ಬಂದಾಗ ಅವರಿಗೆ 49 ವರ್ಷ ಹತ್ತಿರ. ಜಗತ್ತಿಗೇ ಗೊತ್ತಿರುವ ಹೆಸರು. ಮನೆಯಲ್ಲಿ ಕುಳಿತು ಬರೆದುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಮಾಡಿದ್ದು, ಮರೆತಿದ್ದ ಪಾಠಗಳನ್ನು ಟಾರ್ಕೀಯಲ್ಲಿ ಮತ್ತೆ ತಿರುವಿ ಹಾಕಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಸ್ವಯಂಸೇವಕಿಯಾಗಿ ನಿಂತದ್ದು. ವಾರಕ್ಕೆ ಎರಡು ಪೂರ್ತಿ ದಿನ, ಮೂರು ಅರ್ಧ ದಿನ, ಎರಡು ವಾರಕ್ಕೊಂದು ಶನಿವಾರದ ಬೆಳಗು. ಗಂಡ ಉತ್ತರ ಆಫ್ರಿಕದಲ್ಲಿ. ಲಂಡನ್ನಿನ ಮೇಲೆ ಬಾಂಬು. ಅವರ ಒಂದು ಮನೆಗೂ ಬಾಂಬಿನಿಂದ ಹಾನಿಯಾಯಿತು. ಬೇರೆಯವರು ಬರಲಾಗದ ದಿನ ಅವರ ಪಾಲಿನ ಕೆಲಸವನ್ನೂ ಇವರೇ ಮಾಡಿದರು. 1944ರಲ್ಲಿ ಅಳಿಯ ಯುದ್ಧದಲ್ಲಿ ಸತ್ತರು.

ಮೊದಲ ಯುದ್ಧಕ್ಕೆ ಹೋಲಿಸಿದರೆ ಈಗ ಕೆಲಸ ಹಗುರವಾಗಿತ್ತು. ಮಾತ್ರೆಗಳು ಕಾರ್ಖಾನೆಯಿಂದಲೇ ಬರತೊಡಗಿದ್ದವು, ಎಣಿಸಿ ಕೊಟ್ಟರಾಯಿತು. ಈ ವರ್ಷಗಳಲ್ಲೇ ಅವರು ಪೊಯ್‌ರೋನ ಕೊನೆಯ ಕಥೆಯನ್ನೂ ಮಿಸ್ ಮಾರ್ಪಲ್‌ಳ ಒಂದು ಕಾದಂಬರಿಯನ್ನೂ ಬರೆದು ಭದ್ರವಾಗಿ ತೆಗೆದಿರಿಸಿದರು. ಬಾಂಬಿಗೆ ತಾನು ಸಿಕ್ಕಿದರೆ ಮನೆಯವರಿಗೆ ಆಸರೆಯಾಗಲಿ ಎಂಬ ಮುಂದಾಲೋಚನೆ. ಅವೆರಡೂ ಅಚ್ಚಾದದ್ದು ಮೂವತ್ತು ವರ್ಷಗಳ ನಂತರ.

ಜೇಬಿನ ಕ್ಯುರಾರೆ

ದಶಮಾಂಶ ತಪ್ಪಿದ ಆ ಅಂಗಡಿಯ ಯಜಮಾನರನ್ನು ಅಗಾಥಾ ಮರೆತಿರಲಿಲ್ಲ. ಒಂದು ದಿನ ಅವರು ಜೇಬಿನಿಂದ ಕಂದು ಬಣ್ಣದ ಒಂದು ಉಂಡೆಯನ್ನು ತೆಗೆದು ತೋರಿಸಿದ್ದರು. ಅದು ಕ್ಯುರಾರೆ, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುವ ವಿಷ. ನುಂಗಿದರೆ ಏನೂ ಆಗದು, ರಕ್ತಕ್ಕೆ ಸೇರಿದರೆ ಸಾವು. ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ತನ್ನಲ್ಲಿ ಶಕ್ತಿ ಇದೆ ಅನಿಸುತ್ತದೆ ಎಂಬುದು ಅವರ ವಿವರಣೆ. ಔಷಧವನ್ನು ಜವಾಬ್ದಾರಿ ಎಂದುಕೊಂಡು ರಾತ್ರಿ ಮೂರಕ್ಕೆ ಎದ್ದವರೊಬ್ಬರು, ಅಧಿಕಾರ ಎಂದುಕೊಂಡು ಜೇಬಿನಲ್ಲಿಟ್ಟವರೊಬ್ಬರು. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಇದ್ದರು.

ನಾಲ್ಕು ದಶಕಗಳ ಬಳಿಕ 1961ರಲ್ಲಿ ಬಂದ 'ದಿ ಪೇಲ್ ಹಾರ್ಸ್' ಕಾದಂಬರಿಗೆ ಆ ನೆನಪೇ ಬೀಜ. ಅದರಲ್ಲಿ ಬಳಕೆಯಾದದ್ದು ಥ್ಯಾಲಿಯಂ ಎಂಬ ಲೋಹದ ವಿಷ. ಇದರ ಲವಣಕ್ಕೆ ರುಚಿಯಿಲ್ಲ. ಲಕ್ಷಣಗಳು ಬೇರೆ ಬೇರೆ ಕಾಯಿಲೆಗಳನ್ನು ಹೋಲುವುದರಿಂದ ವೈದ್ಯರೂ ಮೋಸಹೋಗುತ್ತಾರೆ. ಸುಳಿವು ಒಂದೇ, ಕೂದಲು ಉದುರುತ್ತದೆ. ಕಾದಂಬರಿಯಲ್ಲಿ ಅಗಾಥಾ ಆ ಲಕ್ಷಣಗಳನ್ನು ಪಠ್ಯಪುಸ್ತಕದಷ್ಟು ಸರಿಯಾಗಿ ಬರೆದರು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಥ್ಯಾಲಿಯಂ ಕೊಟ್ಟು ಸಹೋದ್ಯೋಗಿಗಳನ್ನು ಕೊಂದ ಒಬ್ಬಾತ ಸಿಕ್ಕಿಬಿದ್ದಾಗ, ಈ ಪುಸ್ತಕವೇ ದಾರಿ ತೋರಿಸಿತೇ ಎಂಬ ಮಾತು ಎದ್ದಿತು. ತಾನು ಅದನ್ನು ಓದಿಲ್ಲ ಎಂದು ಅವನು ಹೇಳಿದ. ಆದರೂ ಆ ಪ್ರಶ್ನೆ ಇಳಿವಯಸ್ಸಿನ ಲೇಖಕಿಯನ್ನು ನೋಯಿಸಿತು.

1971ರಲ್ಲಿ ಅವರಿಗೆ ಡೇಮ್ ಪದವಿ ಬಂತು. 1952ರಲ್ಲಿ ಶುರುವಾದ ಅವರ ನಾಟಕ 'ದಿ ಮೌಸ್‌ಟ್ರ್ಯಾಪ್' ಲಂಡನ್ನಿನಲ್ಲಿ ನಡೆಯುತ್ತಲೇ ಇತ್ತು. 1976ರ ಜನವರಿ 12ರಂದು, 85ನೇ ವಯಸ್ಸಿನಲ್ಲಿ, ವಾಲಿಂಗ್‌ಫರ್ಡ್ ಬಳಿಯ ಮನೆಯಲ್ಲಿ ತೀರಿಕೊಂಡರು. ಚೋಲ್ಸಿ ಎಂಬ ಊರಿನ ಚರ್ಚಿನ ಅಂಗಳದಲ್ಲಿ ಸಮಾಧಿಯಿದೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಮರುವರ್ಷ, 1977ರಲ್ಲಿ, ಕತಾರ್‌ನಿಂದ 19 ತಿಂಗಳ ಹೆಣ್ಣುಮಗುವೊಂದನ್ನು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ತಂದರು. ಮಗುವಿಗೆ ಪ್ರಜ್ಞೆ ಸರಿಯಾಗಿರಲಿಲ್ಲ, ಸ್ಥಿತಿ ದಿನದಿಂದ ದಿನಕ್ಕೆ ಕೆಡುತ್ತಿತ್ತು. ತಜ್ಞರಿಗೆ ಕಾರಣ ಹೊಳೆಯಲಿಲ್ಲ. ವಾರ್ಡಿನಲ್ಲಿದ್ದ ನರ್ಸ್ ಒಬ್ಬರು ಆ ದಿನಗಳಲ್ಲಿ 'ದಿ ಪೇಲ್ ಹಾರ್ಸ್' ಓದುತ್ತಿದ್ದರು. ಮಗುವಿನ ಕೂದಲು ಉದುರುತ್ತಿರುವುದನ್ನು ಕಂಡು, ಇದು ಥ್ಯಾಲಿಯಂ ಇರಬಹುದೇ ಎಂದು ಡಾಕ್ಟರನ್ನು ಕೇಳಿದರು. ಡಾಕ್ಟರರು ನಕ್ಕು ಕಳಿಸಲಿಲ್ಲ, ಪರೀಕ್ಷೆ ಮಾಡಿಸಿದರು. ನರ್ಸ್ ಹೇಳಿದ್ದೇ ನಿಜವಾಗಿತ್ತು. ಮನೆಯಲ್ಲಿ ಜಿರಳೆ, ಇಲಿಗಳಿಗೆಂದು ತಂದಿದ್ದ ವಿಷ ಮಗುವಿನ ಬಾಯಿ ಸೇರಿತ್ತು. ಚಿಕಿತ್ಸೆ ಸಿಕ್ಕಿ ಮಗು ಉಳಿಯಿತು. ವೈದ್ಯರು ಈ ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಅಗಾಥಾ ಕ್ರಿಸ್ಟಿಯವರಿಗೂ ಕೃತಜ್ಞತೆ ಹೇಳಿದರು.

ನಮ್ಮ ನಡುವೆಯೂ ಇಂಥ ಗಂಟೆಗಳನ್ನು ಕೊಡುವವರಿದ್ದಾರೆ. ರಜೆಯ ದಿನ ರಕ್ತದಾನ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವವರು, ಕೋವಿಡ್ ಕಾಲದಲ್ಲಿ ಪರಊರಿನಲ್ಲಿ ಗುರುತಿಲ್ಲದವರಿಗಾಗಿ ಆಮ್ಲಜನಕದ ಸಿಲಿಂಡರ್ ಹುಡುಕಿಕೊಟ್ಟವರು, ಆಸ್ಪತ್ರೆಗೆ ಊರಿಂದ ಬಂದ ಕನ್ನಡಿಗರ ಜೊತೆ ನಿಂತು ವೈದ್ಯರ ಮಾತನ್ನು ತಿಳಿಸಿ ಹೇಳುವವರು. ಇದರಿಂದ ಏನು ಬಂತು ಎಂದು ಯಾರಾದರೂ ಕೇಳಿದರೆ ಅವರ ಬಳಿ ಉತ್ತರ ಇರುವುದಿಲ್ಲ. ಟೌನ್ ಹಾಲಿನಲ್ಲಿ ಮುಲಾಮು ಕಲಸುತ್ತಿದ್ದ 26 ವರ್ಷದ ಹೆಂಗಸಿನ ಬಳಿಯೂ ಇರಲಿಲ್ಲ. ಅವರ 3,400 ಗಂಟೆಗಳ ಲೆಕ್ಕ ಕಾರ್ಡಿನಲ್ಲಿ 1918ರ ಸೆಪ್ಟೆಂಬರಿಗೆ ಮುಗಿದಿದೆ. ಕತಾರ್‌ನಿಂದ ಬಂದ ಮಗುವನ್ನು ಆ ಲೆಕ್ಕಕ್ಕೆ ಸೇರಿಸಿದವರು ಅರವತ್ತು ವರ್ಷಗಳ ನಂತರ ಇನ್ನೊಂದು ಆಸ್ಪತ್ರೆಯಲ್ಲಿ ಪುಸ್ತಕ ಓದುತ್ತಿದ್ದ ಇನ್ನೊಬ್ಬ ನರ್ಸ್.